ಎಂಜಿನ್ ಸವೆದರೆ ರಿಪೇರಿಯೋ? ಬದಲಿಯೋ?



ಈ ಪಾಠದಲ್ಲಿ ನಾವು ಕಾರಿನ ಎಂಜಿನ್ ವಿಷಯ ಓದೋಣ. "ಕಾರಿನ ವಿಷಯ ನಮಗ್ಯಾಕೆ?" ಅಂತ ನೀವು ಕೇಳಬಹುದು. ಇವತ್ತು ಎಷ್ಟೋ ಮನೆಗಳು ಬಾಡಿಗೆ ಕಾರಿನ ದುಡಿಮೆಯಿಂದ ನಡೆಯುತ್ತವೆ. ಗಂಡ ಓಡಿಸುತ್ತಾನೆ, ಇಲ್ಲವೇ ಮಗ ಓಡಿಸುತ್ತಾನೆ. ಎಂಜಿನ್ ಕೆಟ್ಟ ದಿನ ಹಣ ಎಲ್ಲಿಂದ ಬರುತ್ತದೆ? ನಮ್ಮ ಸಂಘದ ಸಾಲದಿಂದ ಬರುತ್ತದೆ. ನಮ್ಮ ಕಿವಿಯ ಓಲೆಯಿಂದ ಬರುತ್ತದೆ. ದುಡ್ಡು ನಮ್ಮದಾದ ಮೇಲೆ ಮಾತೂ ನಮ್ಮದಿರಬೇಕು. ಮಾತಾಡಬೇಕಾದರೆ ವಿಷಯ ತಿಳಿದಿರಬೇಕು.

ಎಂಜಿನ್ ಸವೆಯುವುದು ಹೇಗೆ?

ಚಕ್ಕುಲಿ ಒರಳು ನೀವು ನೋಡಿದ್ದೀರಿ. ಮೇಲಿನ ಹಿಡಿ ಒರಳಿನೊಳಗೆ ಸರಿಯಾಗಿ ಕೂತರೆ ಹಿಟ್ಟು ಕೆಳಗೆ ಇಳಿಯುತ್ತದೆ. ಹಿಡಿ ಸಡಿಲವಾದರೆ ಹಿಟ್ಟು ಪಕ್ಕದಿಂದ ಮೇಲಕ್ಕೆ ಬರುತ್ತದೆ. ಎಷ್ಟು ಒತ್ತಿದರೂ ಚಕ್ಕುಲಿ ಬೀಳೋದಿಲ್ಲ.

ಎಂಜಿನ್ ಒಳಗೂ ಹೀಗೇ ಇದೆ. ಅಲ್ಲಿ ಕೊಳವೆಯಂಥ ಸಿಲಿಂಡರ್ ಇದೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿಗೆ ಬಳೆಯ ಹಾಗೆ ರಿಂಗುಗಳು ಇವೆ. ರಿಂಗು ಬಿಗಿಯಾಗಿದ್ದರೆ ಎಂಜಿನ್ನಿಗೆ ಬಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದಾಗ ರಿಂಗು ಸವೆಯುತ್ತದೆ, ಸಿಲಿಂಡರ್ ಕೂಡ ಸವೆಯುತ್ತದೆ. ಆಗ ಬಲ ಪಕ್ಕದಿಂದ ಸೋರುತ್ತದೆ. ಕೆಳಗಿನ ಆಯಿಲ್ ಮೇಲಕ್ಕೆ ಬಂದು ಸುಡುತ್ತದೆ. ಆಯಿಲನ್ನು ಸಮಯಕ್ಕೆ ಸರಿಯಾಗಿ ಬದಲಾಯಿಸದಿದ್ದರೆ ಈ ಸವೆತ ಬೇಗ ಬರುತ್ತದೆ.

ಹೊಗೆ ನೋಡಿ, ಕಾಯಿಲೆ ತಿಳಿಯಿರಿ

ಒಲೆಯ ಹೊಗೆ ನೋಡಿ ಸೌದೆ ಹಸಿಯೋ ಒಣಗಿದೆಯೋ ಎಂದು ನಾವು ಹೇಳುತ್ತೇವೆ. ಕಾರಿನ ಹೊಗೆಯೂ ಮಾತಾಡುತ್ತದೆ.

ನೀಲಿ ಹೊಗೆ: ಆಯಿಲ್ ಸುಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಸ್ವಲ್ಪ ಬಂದು ನಿಂತರೆ ವಾಲ್ವ್ ಸೀಲ್ ಹೋಗಿರಬಹುದು. ಅದು ಸಣ್ಣ ಕೆಲಸ. ಏರು ಹತ್ತುವಾಗ, ಭಾರ ಎಳೆಯುವಾಗ ಬರುತ್ತಲೇ ಇದ್ದರೆ ರಿಂಗು, ಸಿಲಿಂಡರ್ ಸವೆದಿರಬಹುದು. ಅದು ದೊಡ್ಡ ಕೆಲಸ.

ಕಪ್ಪು ಹೊಗೆ: ಪೆಟ್ರೋಲ್ ಹೆಚ್ಚು ಸುಡುತ್ತಿದೆ, ಗಾಳಿ ಸಾಲದು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದರೂ ಹೀಗಾಗುತ್ತದೆ.

ದಟ್ಟ ಬಿಳಿ ಹೊಗೆ ನಿಲ್ಲದೆ ಬಂದರೆ: ರೇಡಿಯೇಟರ್ ನೀರು ಎಂಜಿನ್ ಒಳಗೆ ಹೋಗುತ್ತಿರಬಹುದು. ಆಯಿಲ್ ನೋಡಿ. ಅದು ಹಾಲು ಹಾಕಿದ ಕಾಫಿಯಂತೆ ಕಂಡರೆ ನೀರು ಬೆರೆತಿದೆ. ಆಗ ಗಾಡಿ ಓಡಿಸಬಾರದು. ಚಳಿಗಾಲದ ಬೆಳಿಗ್ಗೆ ತೆಳ್ಳಗೆ ಬಂದು ಹೋಗುವ ಬಿಳಿ ಹೊಗೆಗೆ ಹೆದರಬೇಕಿಲ್ಲ.

ಬಿಚ್ಚುವ ಮುಂಚೆ ಅಳೆಯಿರಿ

ಕಾರು ಎಳೆಯೋದಿಲ್ಲ ಅಂದ ಕೂಡಲೇ ಎಂಜಿನ್ ಹೋಯಿತು ಎಂದುಕೊಳ್ಳಬಾರದು. ಕ್ಲಚ್ ಪ್ಲೇಟ್ ಸವೆದರೂ ಗಾಡಿ ಎಳೆಯೋದಿಲ್ಲ. ಬ್ರೇಕ್ ಹಿಡಿದುಕೊಂಡಿದ್ದರೂ ಎಳೆಯೋದಿಲ್ಲ. ಪ್ಲಗ್ ಹಳೆಯದಾದರೂ ಎಳೆಯೋದಿಲ್ಲ. ಇವೆಲ್ಲ ಕಡಿಮೆ ಖರ್ಚಿನ ಕೆಲಸ. ಮೊದಲು ಇವನ್ನು ನೋಡಿಸಬೇಕು.

ಆಮೇಲೆ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಪೆಟ್ರೋಲ್ ಕಾರಾದರೆ ಮೆಕ್ಯಾನಿಕ್ ಪ್ಲಗ್ ತೆಗೆದು ಆ ತೂತಿಗೆ ಗೇಜ್ ಇಟ್ಟು ಒತ್ತಡ ಅಳೆಯುತ್ತಾನೆ. ಪ್ರತಿ ಸಿಲಿಂಡರಿಗೂ ಒಂದೊಂದು ಅಂಕಿ ಬರುತ್ತದೆ. ಒಂದರಲ್ಲಿ ಅಂಕಿ ಕಡಿಮೆ ಬಂದರೆ, ಅದರೊಳಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾನೆ. ಈಗ ಅಂಕಿ ಮೇಲೆ ಬಂದರೆ ರಿಂಗು ಅಥವಾ ಸಿಲಿಂಡರ್ ಸವೆದಿದೆ. ಮೇಲೆ ಬಾರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ತೊಂದರೆ ಇದೆ. ಈ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಈಗ ನಮಗೆ ಅಂಕಿ ಓದಲು ಬರುತ್ತದೆ.

ನಮ್ಮ ಮುಂದೆ ನಾಲ್ಕು ದಾರಿ

ಬೀಸುವ ಕಲ್ಲು ಸವೆದರೆ ಉಳಿಯಿಂದ ಕುಟ್ಟಿಸುತ್ತೇವೆ. ಒಡೆದು ಹೋಳಾದರೆ ಹೊಸ ಕಲ್ಲು ತರುತ್ತೇವೆ. ಎಂಜಿನ್ನಿಗೂ ಇದೇ ಮಾತು.

1. ಬೋರ್ ಮಾಡಿಸುವುದು. ಲೇತ್ ಅಂಗಡಿಯಲ್ಲಿ ಸಿಲಿಂಡರನ್ನು ಸ್ವಲ್ಪ ಅಗಲ ಮಾಡುತ್ತಾರೆ. ಅದಕ್ಕೆ ಸರಿಯಾಗಿ ದೊಡ್ಡ ಪಿಸ್ಟನ್, ಹೊಸ ರಿಂಗು ಹಾಕುತ್ತಾರೆ. ಬೇರಿಂಗ್ ಕೂಡ ಬದಲಾಯಿಸುತ್ತಾರೆ. ಆದರೆ ಬೋರ್ ಮಾಡಲು ಒಂದು ಮಿತಿ ಇದೆ. ಹಿಂದೆ ಎಷ್ಟು ಸಲ ಆಗಿದೆ ಎಂದು ಕೇಳಿ.

2. ಹಳೇ ಎಂಜಿನ್ ಕೊಳ್ಳುವುದು. ಗುಜರಿಗೆ ಬಂದ ಕಾರಿನ ಎಂಜಿನ್ ಸಿಗುತ್ತದೆ. ಬೆಲೆ ಕಡಿಮೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಅದು ಎಷ್ಟು ಓಡಿದೆ ಎಂದು ಗ್ಯಾರಂಟಿ ಇಲ್ಲ. ಕೊಳ್ಳುವ ಮುಂಚೆ ಅದಕ್ಕೂ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಬಿಲ್ ಇಲ್ಲದ ಎಂಜಿನ್ ಬೇಡ. ಅದು ಕಳವಿನ ಮಾಲಾಗಿರಬಹುದು.

3. ಹೊಸ ಎಂಜಿನ್ ಹಾಕಿಸುವುದು. ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು.

4. ಕಾರನ್ನೇ ಮಾರುವುದು. ಬಾಡಿ ತುಕ್ಕು ಹಿಡಿದಿದ್ದರೆ ಇದೇ ಒಳ್ಳೆಯದು.

ಇನ್ನೊಂದು ಮಾತು ನೆನಪಿಡಿ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಬರೆದಿರುತ್ತದೆ. ಬೇರೆ ಎಂಜಿನ್ ಹಾಕಿಸುವುದಾದರೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಹೊಸ ನಂಬರನ್ನು ಆರ್‌ಸಿಗೆ ಸೇರಿಸಬೇಕು. ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಹಣಕ್ಕೆ ತೊಂದರೆ ಬರುತ್ತದೆ.

ತಿಂಗಳ ಲೆಕ್ಕ ಹಾಕೋಣ

ಒಟ್ಟು ಬೆಲೆ ನೋಡಿ ಮೋಸ ಹೋಗಬಾರದು. ಖರ್ಚನ್ನು ಓಡುವ ತಿಂಗಳುಗಳಿಂದ ಭಾಗಿಸಬೇಕು. ಇಲ್ಲಿರುವ ಅಂಕಿಗಳು ಕಲಿಯುವುದಕ್ಕಾಗಿ ನಾವು ಹಿಡಿದವು. ನಿಮ್ಮ ಊರಿನ ಅಂಕಿ ಬೇರೆ ಇರುತ್ತದೆ.

ಬೋರ್ ಕೆಲಸ 36,000 ರೂಪಾಯಿ, 24 ತಿಂಗಳು ಓಡುತ್ತದೆ. ತಿಂಗಳಿಗೆ 1,500 ರೂಪಾಯಿ.
ಹಳೇ ಎಂಜಿನ್ 30,000 ರೂಪಾಯಿ, 12 ತಿಂಗಳು ಓಡುತ್ತದೆ. ತಿಂಗಳಿಗೆ 2,500 ರೂಪಾಯಿ.
ಹೊಸ ಎಂಜಿನ್ 90,000 ರೂಪಾಯಿ, 60 ತಿಂಗಳು ಓಡುತ್ತದೆ. ತಿಂಗಳಿಗೆ 1,500 ರೂಪಾಯಿ.

ನೋಡಿದಿರಾ? ಎಲ್ಲಕ್ಕಿಂತ ಅಗ್ಗ ಎಂದುಕೊಂಡ ಹಳೇ ಎಂಜಿನ್ನೇ ಎಲ್ಲಕ್ಕಿಂತ ದುಬಾರಿ ಆಯಿತು. ಹೊಸದಕ್ಕೂ ಬೋರಿಗೂ ತಿಂಗಳ ಖರ್ಚು ಒಂದೇ. ಆದರೆ ಕಾರಿನ ಬಾಡಿ ಇನ್ನು 36 ತಿಂಗಳು ಮಾತ್ರ ಬಾಳುವುದಾದರೆ? ಆಗ ಹೊಸ ಎಂಜಿನ್ನಿಗೆ ತಿಂಗಳಿಗೆ 2,500 ರೂಪಾಯಿ ಬೀಳುತ್ತದೆ. ಹಳೇ ಕೊಡಕ್ಕೆ ಬೆಳ್ಳಿ ಮುಚ್ಚಳ ಮಾಡಿಸಿದ ಹಾಗೆ.

ಏನೂ ಮಾಡದೆ ಸುಮ್ಮನಿದ್ದರೂ ಖರ್ಚು ತಪ್ಪೋದಿಲ್ಲ. ವಾರಕ್ಕೆ 1 ಲೀಟರ್ ಆಯಿಲ್ ಸುಟ್ಟು, ಲೀಟರಿಗೆ 400 ರೂಪಾಯಿ ಆದರೆ ನಾಲ್ಕು ವಾರಕ್ಕೆ 1,600 ರೂಪಾಯಿ ಹೊಗೆಯಾಗಿ ಹೋಗುತ್ತದೆ. ಆ ಹೊಗೆ ನಮ್ಮ ಮಕ್ಕಳ ಎದೆಗೂ ಹೋಗುತ್ತದೆ.

ಬಡ್ಡಿಯನ್ನೂ ಲೆಕ್ಕಕ್ಕೆ ಸೇರಿಸಿ. 36,000 ರೂಪಾಯಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿಯಾದರೆ ಮೊದಲ ತಿಂಗಳ ಬಡ್ಡಿ 360 ರೂಪಾಯಿ. ಐದು ರೂಪಾಯಿ ಬಡ್ಡಿಯಾದರೆ 1,800 ರೂಪಾಯಿ. ಎಂಜಿನ್ ಆಯ್ಕೆ ಸರಿಯಿದ್ದೂ ಸಾಲದ ಆಯ್ಕೆ ತಪ್ಪಿದರೆ ಮನೆ ಮುಳುಗುತ್ತದೆ. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳಲ್ಲಿ ಬಾಡಿಗೆ ಬರೋದಿಲ್ಲ. ಅಷ್ಟು ದಿನದ ರೇಷನ್ ಹಣ ಮೊದಲೇ ಎತ್ತಿಡಿ.

ಗ್ಯಾರೇಜಿನಲ್ಲಿ ನಾವು ಕೇಳಬೇಕಾದದ್ದು

ಎಸ್ಟಿಮೇಟ್ ಬರೆದು ಕೊಡಿ ಎನ್ನಿ. ಸಾಮಾನು ಬೇರೆ, ಕೂಲಿ ಬೇರೆ ಬರೆಸಿ. ಎರಡು ಗ್ಯಾರೇಜಿನಲ್ಲಿ ವಿಚಾರಿಸಿ. ತೆಗೆದ ಹಳೇ ಸಾಮಾನು ವಾಪಸ್ ಕೇಳಿ. ಎಷ್ಟು ತಿಂಗಳ ಗ್ಯಾರಂಟಿ ಎಂದು ಬಿಲ್ಲಿನಲ್ಲೇ ಬರೆಸಿ. "ನಿಮಗೆ ಇದೆಲ್ಲ ಗೊತ್ತಾಗೋದಿಲ್ಲ ಅಮ್ಮ" ಅಂದರೆ ನಾಚಿಕೊಳ್ಳಬೇಡಿ. "ಗೊತ್ತಾಗೋ ಹಾಗೆ ಹೇಳಿ ಅಣ್ಣಾ" ಎನ್ನಿ.

ಕೆಲಸ ಆದ ಮೇಲೆ ಮೊದಮೊದಲು ಕಾರಿಗೆ ಭಾರ ಹೇರಬಾರದು, ಜೋರಾಗಿ ಓಡಿಸಬಾರದು. ಮೆಕ್ಯಾನಿಕ್ ಹೇಳಿದ ಕಿಲೋಮೀಟರಿಗೆ ಮೊದಲ ಆಯಿಲ್ ಬದಲಾಯಿಸಬೇಕು. ವಾರಕ್ಕೊಮ್ಮೆ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಎರಡು ಗುರುತಿನ ನಡುವೆ ಇರಬೇಕು. ಈ ಕೆಲಸ ನಾವೂ ಮಾಡಬಹುದು.

ಹೊಸ ಪದಗಳು

ಸಿಲಿಂಡರ್, ಪಿಸ್ಟನ್, ಗ್ಯಾಸ್ಕೆಟ್, ಎಸ್ಟಿಮೇಟ್, ಬಾಳಿಕೆ, ಸವೆತ

ಉತ್ತರ ಹೇಳಿ

1. ನೀಲಿ ಹೊಗೆ ಬಂದರೆ ಏನು ಸುಡುತ್ತಿದೆ?
2. ಬೇರೆ ಎಂಜಿನ್ ಹಾಕಿಸಿದರೆ ಯಾವ ಯಾವ ಕಡೆ ತಿಳಿಸಬೇಕು?
3. ಬಾಡಿ ತುಕ್ಕು ಹಿಡಿದ ಕಾರಿಗೆ ಹೊಸ ಎಂಜಿನ್ ಯಾಕೆ ಬೇಡ?

ಲೆಕ್ಕ ಮಾಡಿ

1. ಒಂದು ಎಸ್ಟಿಮೇಟ್ ಹೀಗಿದೆ: ಪಿಸ್ಟನ್, ರಿಂಗು 9,500. ಬೇರಿಂಗ್ 4,000. ಗ್ಯಾಸ್ಕೆಟ್ 2,500. ಲೇತ್ ಕೆಲಸ 6,000. ಆಯಿಲ್, ಫಿಲ್ಟರ್ 3,000. ಕೂಲಿ 11,000. ಒಟ್ಟು ಎಷ್ಟು?

2. ರಿಪೇರಿಗೆ 28,000 ರೂಪಾಯಿ, 20 ತಿಂಗಳು ಓಡುತ್ತದೆ. ಹೊಸದಕ್ಕೆ 72,000 ರೂಪಾಯಿ, 48 ತಿಂಗಳು ಓಡುತ್ತದೆ. ತಿಂಗಳಿಗೆ ಯಾವುದು ಕಡಿಮೆ?

ಮಾತಾಡಿ

ನಿಮ್ಮ ಮನೆಯಲ್ಲಿ ಹೊಲಿಗೆ ಯಂತ್ರ, ಮಿಕ್ಸಿ, ಪಂಪ್‌ಸೆಟ್ ಮೋಟಾರ್ ಇವೆಯೇ? ಅವು ಕೆಟ್ಟಾಗ ರಿಪೇರಿಯೋ ಬದಲಿಯೋ ಎಂದು ಯಾರು ತೀರ್ಮಾನ ಮಾಡುತ್ತಾರೆ? ಇದೇ ತಿಂಗಳ ಲೆಕ್ಕವನ್ನು ಅವಕ್ಕೂ ಹಾಕಿ ನೋಡಿ.