ಓಡದ ಕಾಂಟೆಸ್ಸಾಗೆ ಬೆಲೆ ಕಟ್ಟುವುದು ಹೇಗೆ?

ಪೀಣ್ಯದ ಹಳೆಯ ಶೆಡ್ಡುಗಳ ಹಿಂದೆ ಟಾರ್ಪಾಲು ಹೊದ್ದು ನಿಂತ ಕಾರುಗಳ ಪೈಕಿ ಕಾಂಟೆಸ್ಸಾದ ಗತ್ತೇ ಬೇರೆ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರೊಂದರ ವಿನ್ಯಾಸ ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಇದನ್ನು ರಸ್ತೆಗಿಳಿಸಿತು. ಮೊದಲಿಗೆ ಅಂಬಾಸಿಡರಿನ 1.5 ಲೀಟರ್ ಎಂಜಿನ್. ಅಷ್ಟು ದೊಡ್ಡ ಬಾಡಿಯನ್ನು ಎಳೆಯಲು ಅದು ತಿಣುಕುತ್ತಿತ್ತು. ಇಸುಜುವಿನ 1.8 ಲೀಟರ್ ಎಂಜಿನ್, ಐದು ಗೇರು ಬಂದ ‘ಕ್ಲಾಸಿಕ್’ ಮಾತ್ರ ತುಮಕೂರು ರಸ್ತೆಯಲ್ಲಿ ಮಾರುತಿ 800ಗಳನ್ನು ಲೀಲಾಜಾಲವಾಗಿ ಹಿಂದಿಕ್ಕುತ್ತಿತ್ತು. 2002ರಲ್ಲಿ ತಯಾರಿಕೆ ನಿಂತಿತು.

ಲೇತ್ ಮಷೀನು ನಡೆಸಿ ನಾಲ್ಕು ಕಾಸು ಕಂಡವರು ಕೊಂಡ ಕಾರು ಇದು. ಈ ಅಂಕಣಕಾರನ ತಂದೆಯೂ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ನಿಂತಲ್ಲೇ ನಿಂತ ಗಾಡಿಯನ್ನು ಮಾರಲು ಹೊರಟಾಗ ಗುಜರಿಯವರು ಕಬ್ಬಿಣದ ತೂಕದ ರೇಟು ಹೇಳಿದರು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅದರ ಹಲವು ಪಟ್ಟು ಕೊಡಲು ಮುಂದಾದರು. ಬಾನೆಟ್ ಎತ್ತುವ ಮೊದಲೇ ಅವರು ಕೇಳಿದ್ದು ಒಂದೇ: ‘ಆರ್‌ಸಿ ಇನ್ನೂ ಜೀವಂತ ಇದೆಯಾ ಸಾರ್?’

ಇತ್ತು. ತಂದೆ ಕಾಲಕಾಲಕ್ಕೆ ನವೀಕರಣ ಮಾಡಿಸಿದ್ದರು. ಮೊದಲು ಫಾರಂ 31ರಲ್ಲಿ ವಾರಸುದಾರನ ಹೆಸರಿಗೆ, ಬಳಿಕ ಫಾರಂ 29 ಮತ್ತು 30ರಲ್ಲಿ ಕೊಂಡವರ ಹೆಸರಿಗೆ ಕಾರು ಹೋಯಿತು. ಎಲ್ಲರಿಗೂ ಈ ದಾರಿ ತೆರೆದಿರುವುದಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಗಾಡಿಯನ್ನು ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಓಡದ ಕಾರಿಗೆ ನವೀಕರಣವಿಲ್ಲ. ನವೀಕರಣವಿಲ್ಲದ ಕಾರಿನ ಹೆಸರು ಬದಲಾವಣೆ ಸುಲಭವಲ್ಲ. ಕೊಂಡವರು ರಿಪೇರಿ ಮುಗಿಸಲು ಮೂರು ವರ್ಷ ತೆಗೆದುಕೊಂಡರೆ ಅಷ್ಟೂ ಕಾಲ ದಾಖಲೆಯಲ್ಲಿ ಮಾರಿದವರೇ ಮಾಲೀಕರು.

ಇದು ಸಣ್ಣ ವಿಷಯವಲ್ಲ. ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿದ್ದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ಆರ್‌ಸಿಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆ ಎಂದಿತು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಆ ತೀರ್ಪು ಹಳೆಯ ಕಾರು ಮಾರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಹಾಗಾಗಿ ಅವಧಿ ಮೀರಿದ ಕಾರಾದರೆ, ಇಂತಿಷ್ಟು ದಿನದೊಳಗೆ ಹೆಸರು ಬದಲಿಸಿಕೊಳ್ಳುವ ಕರಾರು, ತಾರೀಖು ಮತ್ತು ಗಂಟೆ ನಮೂದಿಸಿದ ಡೆಲಿವರಿ ರಸೀದಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಬೇಕು. ಹೆಸರು ಬದಲಾದ ದಿನ ಮರಳಿಸುವ ಠೇವಣಿಯೊಂದನ್ನೂ ಕೇಳುವುದು ನ್ಯಾಯವೇ.

ಕಾಯುವುದರಿಂದ ಬೆಲೆ ಏರುತ್ತದೆ ಎಂದು ನಂಬಿದವರು ಖರ್ಚನ್ನೂ ಕೂಡಿಸಬೇಕು. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 10,000 ಆಯಿತು. ತಡ ಮಾಡಿದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ಅಂದರೆ ವರ್ಷಕ್ಕೆ 6,000. ಕೊಳ್ಳುವವರು ಇದೆಲ್ಲವನ್ನೂ ಲೆಕ್ಕ ಹಾಕಿಯೇ ಬೆಲೆ ಇಳಿಸುತ್ತಾರೆ. ವಿಂಟೇಜ್ ವಾಹನಗಳ ಪ್ರತ್ಯೇಕ ನೋಂದಣಿಗೆ 50 ವರ್ಷ ದಾಟಿರಬೇಕು. ಮೊಟ್ಟಮೊದಲ ಕಾಂಟೆಸ್ಸಾಗೂ ಅದು 2034ರ ಮಾತು.

ಇನ್ನು ಗಾಡಿ. ಮಾರುವ ಮುನ್ನ ಪೇಂಟ್ ಹೊಡೆಸುವುದು ದುಡ್ಡು ದಂಡ. ಹೊಸ ಬಣ್ಣದಡಿ ತುಕ್ಕು ಅಡಗಿದೆಯೆಂದೇ ತಿಳಿದವರು ಅನುಮಾನಿಸುತ್ತಾರೆ. ಆ ಎಂಜಿನಿಯರ್ ಜೊತೆ ಬಂದಿದ್ದ ಮೆಕ್ಯಾನಿಕ್ ಕೀಲಿಯನ್ನು ಮುಟ್ಟಲೇ ಇಲ್ಲ. ನಾಲ್ಕೂ ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು, ಟೀ ಕುಡಿದು ಬಂದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿದರು. ತಿರುಗಿತು: ಎಂಜಿನ್ ಜಾಮ್ ಆಗಿರಲಿಲ್ಲ. ಆಮೇಲೆ ಚಾಸಿ ನಂಬರಿನ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯ ಜೊತೆ ಅಂಕಿ ಅಂಕಿ ತಾಳೆ ನೋಡಿದರು. ‘ಕ್ಲಾಸಿಕ್’ನ ಇಸುಜು ಎಂಜಿನ್ ಅಂಬಾಸಿಡರ್ 1800ರಲ್ಲೂ ಇದ್ದುದರಿಂದ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುವವರಿಗೆ ಒಂದು ಆಸರೆ ಉಂಟು. ಗ್ರಿಲ್, ಹಿಂದಿನ ಲೈಟು, ಬೀಡಿಂಗ್ ಸಿಗುವುದೇ ಕಷ್ಟ. ಕಾರಿನಿಂದ ಬಿಚ್ಚಿಟ್ಟ ಒಂದು ಸ್ಕ್ರೂವನ್ನೂ ಎಸೆಯದೆ ಡಬ್ಬದಲ್ಲಿ ಹಾಕಿ ಕೊಟ್ಟರೆ ಚೌಕಾಸಿಯಲ್ಲಿ ಕೈ ಮೇಲಾಗುತ್ತದೆ.

ಸ್ವಂತ ಬಳಕೆಯ ಕಾರು ತೆರಿಗೆ ಕಾನೂನಿನ ಪ್ರಕಾರ ವೈಯಕ್ತಿಕ ವಸ್ತು, ಮಾರಿದ ಲಾಭಕ್ಕೆ ಬಂಡವಾಳ ಲಾಭ ತೆರಿಗೆಯಿಲ್ಲ. ಪೀಣ್ಯದ ಅನೇಕ ಕಾರುಗಳಂತೆ ಅದು ಕಾರ್ಖಾನೆಯ ಹೆಸರಲ್ಲಿದ್ದು ಸವಕಳಿ ತೋರಿಸಿದ್ದರೆ ಲೆಕ್ಕವೇ ಬೇರೆ, ಆಡಿಟರನ್ನು ಕೇಳಬೇಕು. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ.

ಶೆಡ್ಡಿನಲ್ಲಿ ಇಂಥದ್ದೊಂದು ಕಾರು ನಿಂತಿದ್ದರೆ ಇವತ್ತೇ ಬೀರುವಿನಿಂದ ಆರ್‌ಸಿ ತೆಗೆದು ಅವಧಿ ನೋಡಿ. ಇನ್ನೂ ಆರು ತಿಂಗಳು ಉಳಿದಿದ್ದರೆ, ಮಾರಲು ಅದೇ ಸರಿಯಾದ ಸಮಯ.