ನಿತ್ಯಜೀವನದಲ್ಲಿ ವಿದ್ಯುತ್ತು: ಕೆಲವು ಸ್ವಾರಸ್ಯಗಳು

ಗುಂಡಿಯನ್ನು ಒತ್ತಿದೊಡನೆ ಕೋಣೆ ಬೆಳಗುವುದು ಇಂದು ಯಾರಿಗೂ ಸೋಜಿಗವೆನಿಸದು. ಆದರೆ ಈ ಸೌಕರ್ಯವು ಮೈಸೂರು ಸಂಸ್ಥಾನಕ್ಕೆ ಬಂದ ಬಗೆ ಸ್ವಾರಸ್ಯವಾದುದು. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನ ಬಲದಿಂದ ವಿದ್ಯುದುತ್ಪಾದನೆ ಆರಂಭವಾಯಿತು. ಆ ಶಕ್ತಿ ಮೊದಲು ಹರಿದುದು ನೆರೆಯ ಹಳ್ಳಿಗಳಿಗೂ ಅಲ್ಲ, ಮೈಸೂರಿನ ಅರಮನೆಗೂ ಅಲ್ಲ. ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ದೀಪದ ಬುಡದಲ್ಲಿಯೇ ಕತ್ತಲೆ ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡುದು 1905ರಲ್ಲಿ. ಮೈಸೂರಿನ ಸರದಿ ಬಂದುದು 1908ರಲ್ಲಿ. ಯೋಜನೆಯ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. ತಾವು ನೆಟ್ಟ ಮರದ ಫಲವನ್ನು ಅವರು ಕಾಣಲಿಲ್ಲ.

ಅಷ್ಟು ದೂರ ಸಾಗಿಸಲು 30,000 ವೋಲ್ಟಿಗೂ ಮೇಲ್ಪಟ್ಟ ಒತ್ತಡ ಬೇಕಾಯಿತು. ಒತ್ತಡ ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಒಯ್ಯಲು ಕಡಿಮೆ ಪ್ರವಾಹ ಸಾಕು. ಪ್ರವಾಹ ಅರ್ಧಕ್ಕಿಳಿದರೆ ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ.

ಗುಂಡಿ ಒತ್ತಿದ ಕ್ಷಣವೇ ದೀಪ ಹೊತ್ತುವುದನ್ನು ಕಂಡು ಎಲೆಕ್ಟ್ರಾನುಗಳು ಮಿಂಚಿನ ವೇಗದಲ್ಲಿ ಓಡಿಬರುತ್ತವೆಂದು ಭಾವಿಸುವುದುಂಟು. ವಾಸ್ತವವಾಗಿ ಮನೆಯ ತಂತಿಯಲ್ಲಿ ಅವುಗಳ ಸರಾಸರಿ ಮುನ್ನಡೆ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟೂ ಇಲ್ಲ. ಬಸವನಹುಳು ಅವನ್ನು ಹಿಂದೆ ಹಾಕೀತು! ಅದೂ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗಾಡುವುದಷ್ಟೇ ಹೊರತು ಪಯಣವಲ್ಲ. ನೀರು ತುಂಬಿದ ಕೊಳವೆಯ ಒಂದು ತುದಿಯಲ್ಲಿ ಒತ್ತಿದರೆ ಇನ್ನೊಂದು ತುದಿಯಲ್ಲಿ ಕೂಡಲೇ ನೀರು ಚಿಮ್ಮುವಂತೆ, ಬೇಗನೆ ಬರುವುದು ಪ್ರೇರಣೆಯೇ ವಿನಾ ಕಣವಲ್ಲ.

ತಿಂಗಳ ಬಿಲ್ಲಿನಲ್ಲಿ ಕಾಣುವ ಒಂದು ‘ಯೂನಿಟ್ಟು’ ಎಷ್ಟು ದೊಡ್ಡದೆಂದು ಎಣಿಸುವವರು ವಿರಳ. ಚೂರೂ ನಷ್ಟವಾಗದೆ ಬಳಕೆಯಾದರೆ, 50 ಕಿಲೋಗ್ರಾಮಿನ ಅಕ್ಕಿಯ ಮೂಟೆಯನ್ನು ಅದು 7 ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿಸಬಲ್ಲದು. ಯಾವ ಹಮಾಲಿಯೂ ಆ ಬೆಲೆಗೆ ದುಡಿಯಲಾರನು.

ಇಂತಹ ಸೇವಕನು ಮುನಿದರೆ ಮಾತ್ರ ಗತಿಯಿಲ್ಲ. 100 ವ್ಯಾಟಿನ ಹಳೆಯ ಬಲ್ಬಿನಲ್ಲಿ ಹರಿಯುವ ಪ್ರವಾಹದ ಹತ್ತನೆಯ ಒಂದು ಪಾಲು ಎದೆಯ ಮೂಲಕ ಕೆಲವು ಸೆಕೆಂಡು ಹಾದರೂ ಪ್ರಾಣಕ್ಕೆ ಅಪಾಯ. ಒಣಚರ್ಮ ತಕ್ಕಮಟ್ಟಿಗೆ ತಡೆಯೊಡ್ಡುತ್ತದೆ, ಒದ್ದೆಚರ್ಮ ಒಡ್ಡದು. ಆದುದರಿಂದಲೇ ಬಚ್ಚಲಿನ ನೀರು ಕಾಯಿಸುವ ಸರಳೂ, ಬಟ್ಟೆ ಒಣಹಾಕಲು ಕಟ್ಟಿದ ಲೋಹದ ತಂತಿಯೂ ಎಷ್ಟೋ ಮನೆಗಳಲ್ಲಿ ದುಃಖಕ್ಕೆ ಕಾರಣವಾಗಿವೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ಬೇಸತ್ತು ದಪ್ಪ ತಂತಿ ಸುತ್ತುವುದಂತೂ ಕಾವಲುಗಾರನ ಕಣ್ಣು ಕಟ್ಟಿದಂತೆ. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ಒಂದು ಕಡ್ಡಿ ಏಕೆ ಉದ್ದವೆಂದು ಕೇಳುವ ವಿದ್ಯಾರ್ಥಿಯನ್ನು ಮೆಚ್ಚಬೇಕು: ಅದು ಭೂಮಿಗೆ ಸೇರಿದ ಕಡ್ಡಿ; ಎಲ್ಲಕ್ಕಿಂತ ಮೊದಲು ಕೂಡಿ ಎಲ್ಲಕ್ಕಿಂತ ಕೊನೆಗೆ ಬಿಡುವುದು ಅದರ ಧರ್ಮ.

ಆಘಾತಕ್ಕೆ ಸಿಕ್ಕವರನ್ನು ಕೈಹಿಡಿದು ಎಳೆಯಹೋಗಿ ಎರಡನೆಯವರೂ ಬಲಿಯಾಗುವುದುಂಟು. ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅದಾಗದಿದ್ದಲ್ಲಿ, ಮನೆಬಳಕೆಯ ವಿದ್ಯುತ್ತಾದರೆ, ಒಣಮರದ ಕೋಲಿನಿಂದ ಬಿಡಿಸಬೇಕು.

ತಂತಿಯ ಮೇಲೆ ಕುಳಿತ ಗುಬ್ಬಿಗೆ ಏನೂ ಆಗದು. ಅದರ ಎರಡು ಕಾಲುಗಳೂ ಒಂದೇ ತಂತಿಯ ಮೇಲೆ ಒತ್ತೊತ್ತಾಗಿರುವುದರಿಂದ ಅವುಗಳ ನಡುವೆ ಒತ್ತಡದ ಅಂತರವಿಲ್ಲ. ಹೊಲದಲ್ಲಿ ಹರಿದುಬಿದ್ದ ತಂತಿಯ ಬಳಿ ನಿಂತ ಎತ್ತಿನ ಪಾಡು ಬೇರೆ. ತಂತಿಯಿಂದ ದೂರ ಸರಿದಂತೆ ನೆಲದಲ್ಲಿ ಒತ್ತಡ ಇಳಿಯುತ್ತ ಹೋಗುತ್ತದೆ. ಮುಂಗಾಲು ಹಿಂಗಾಲುಗಳ ನಡುವಣ ದೂರವೇ ಅದಕ್ಕೆ ಮೃತ್ಯುವಾಗುತ್ತದೆ. ಅಂತಹ ಕಡೆ ಸಿಕ್ಕಿಬಿದ್ದ ಮನುಷ್ಯನು ದೊಡ್ಡ ಹೆಜ್ಜೆಯಿಟ್ಟು ಓಡದೆ, ಪಾದಗಳನ್ನು ಜೋಡಿಸಿ ನೆಲಕ್ಕೆ ತಾಗಿಸಿಯೇ ಮೆಲ್ಲಮೆಲ್ಲನೆ ಸರಿಯಬೇಕೆನ್ನುವುದು ಇದೇ ಕಾರಣದಿಂದ.