ಹೆಜ್ಜೆಯಲ್ಲಿ ಹೊಳೆದ ಲೆಕ್ಕ

"ಮಾಷ್ಟ್ರೇ, ಪರೀಕ್ಷೆ ಹತ್ತಿರ ಬಂತು. ಮಕ್ಕಳನ್ನು ಕುಣಿಸಿದರೆ ಲೆಕ್ಕ ಬರುತ್ತದೆಯೇ?" ವಾರ್ಷಿಕೋತ್ಸವದ ಅಭ್ಯಾಸ ನಡೆಯುತ್ತಿದ್ದಾಗ ತಂದೆಯೊಬ್ಬರು ನನ್ನಲ್ಲಿ ಕೇಳಿದ ಪ್ರಶ್ನೆಯಿದು. ಅವರ ಮಗಳು ಎಂಟನೆಯ ತರಗತಿಯವಳು. ಗಣಿತವೆಂದರೆ ಅವಳಿಗೆ ಚಳಿಜ್ವರ. ಆಗ ನನ್ನಲ್ಲಿ ಉತ್ತರವಿರಲಿಲ್ಲ. ವಾರದೊಳಗೆ ಆ ಹುಡುಗಿಯೇ ಉತ್ತರ ಕೊಟ್ಟಳು.

ನಾನು ಕನ್ನಡ ಅಧ್ಯಾಪಕ. ಆದರೂ ಎಣಿಕೆಯಿಲ್ಲದೆ ನಮ್ಮ ಪಾಠವೂ ಸಾಗದು. ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದಾದ ಮೇಲೊಂದು ಬರುತ್ತವೆ. ಇದನ್ನು ಕರಿಹಲಗೆಯಲ್ಲಿ ಬರೆದರೆ ಮಕ್ಕಳು ಆಕಳಿಸುತ್ತಾರೆ. 'ತಕಿಟ ತಕಧಿಮಿ' ಎಂದು ಹೆಜ್ಜೆ ಹಾಕಿಸಿದರೆ ಮರೆಯುವುದಿಲ್ಲ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಇದು ಹೊಸತೂ ಅಲ್ಲ. ಯಕ್ಷಗಾನ ಕಲಿತವರಿಗೆ ಏಕತಾಳಕ್ಕೆ 4, ರೂಪಕಕ್ಕೆ 6, ತ್ರಿವುಡೆಗೆ 7 ಅಕ್ಷರಗಳೆಂದು ಗೊತ್ತೇ ಇದೆ. ಒಂದು ಗುಂಪು ನಾಲ್ಕಕ್ಕೊಮ್ಮೆ, ಇನ್ನೊಂದು ಗುಂಪು ಆರಕ್ಕೊಮ್ಮೆ ಚಪ್ಪಾಳೆ ತಟ್ಟಲಿ. ಎರಡೂ ಮೊದಲ ಬಾರಿ ಒಟ್ಟಿಗೆ ಕೇಳುವುದು 12ನೆಯ ಎಣಿಕೆಯಲ್ಲಿ. ಅದೇ 4 ಮತ್ತು 6ರ ಲ.ಸಾ.ಅ.

ಇನ್ನು ಕೋಲಾಟದ ವಿಷಯ. ಒಳವೃತ್ತದಲ್ಲಿ ಆರು ಮಂದಿ ಹೊರಗೆ ಮುಖ ಮಾಡಿ, ಹೊರವೃತ್ತದಲ್ಲಿ ಆರು ಮಂದಿ ಒಳಗೆ ಮುಖ ಮಾಡಿ ನಿಂತಿದ್ದರು. ಕೋಲು ತಟ್ಟಿದ ಮೇಲೆ ಪ್ರತಿಯೊಬ್ಬಳೂ ತನ್ನ ಬಲಕ್ಕೆ ಒಂದು ಸ್ಥಾನ ಸರಿಯಬೇಕು. ಹೀಗೆ ಎಲ್ಲರಿಗೂ ಎಲ್ಲರ ಜೊತೆ ಸಿಗುತ್ತದೆಂದು ನಾನು ಎಣಿಸಿದ್ದೆ. ಮೂರು ಸಲ ಸರಿಯುವಷ್ಟರಲ್ಲಿ ಹಳೆಯ ಜೊತೆಗಾತಿಯೇ ಎದುರಿಗೆ ಬಂದಳು! ಪಕ್ಕದ ಸ್ಥಾನದಲ್ಲಿದ್ದ ಗೆಳತಿಯ ಕೋಲಿಗೆ ತನ್ನ ಕೋಲು ತಾಗುವುದೇ ಇಲ್ಲವೆಂದು ಈ ಹುಡುಗಿಗೆ ಬೇಸರ. ಯಾರೋ ಹೆಜ್ಜೆ ತಪ್ಪಿದ್ದಾರೆಂದು ನಾನು ಗದರಿ ಮತ್ತೆ ಮಾಡಿಸಿದೆ. ಮತ್ತೆಯೂ ಹಾಗೆಯೇ.

ಆಗ ಅವಳು ನಿಂತು ಹೇಳಿದಳು: "ಸರ್, ಹೆಜ್ಜೆ ತಪ್ಪಿಲ್ಲ. ನಾನು ಈ ಕಡೆ ಒಂದು ಹೋಗುತ್ತೇನೆ, ಅವರು ಆ ಕಡೆ ಒಂದು ಹೋಗುತ್ತಾರೆ. ನಡುವೆ ಒಬ್ಬಳು ಬಿಟ್ಟುಹೋಗುತ್ತಾಳೆ."

ಮಾತು ಸರಿಯಾಗಿತ್ತು. ಎರಡು ವೃತ್ತಗಳೂ ಎದುರುಬದುರು ದಿಕ್ಕಿಗೆ ತಿರುಗುವುದರಿಂದ ಅಂತರ ಪ್ರತಿಸಲ 2 ಸ್ಥಾನ. 6ರ ವೃತ್ತದಲ್ಲಿ ಎರಡೆರಡಾಗಿ ಹೋದರೆ ಮೂರೇ ಸಲಕ್ಕೆ ಮೊದಲಿನ ಜಾಗ. ಉಳಿದ ಮೂವರು ಸಿಗುವುದೇ ಇಲ್ಲ. "ಒಂದು ಜೋಡಿ ಹೆಚ್ಚಾದರೆ?" ಎಂದು ಅವಳೇ ಕೇಳಿದಳು. ಸ್ಥಳ ಸಾಲದೆಂದು ನಾನು ಹೊರಗೆ ಕೂರಿಸಿದ್ದ ಇಬ್ಬರನ್ನು ಕರೆದೆವು. 7 ಜೋಡಿಯಾಯಿತು. ಏಳು ಸಲ ಸರಿದಾಗ ಏಳೂ ಮಂದಿ ಸಿಕ್ಕರು!

ಮರುದಿನ ಗಣಿತದ ಅಧ್ಯಾಪಕರು ಇದನ್ನೇ ಕರಿಹಲಗೆಯ ಮೇಲೆ ವಿವರಿಸಿದರು. 6 ಮತ್ತು 2ರ ಮ.ಸಾ.ಅ. 2, 6ನ್ನು 2ರಿಂದ ಭಾಗಿಸಿದರೆ 3. ಆದುದರಿಂದ ಮೂವರು ಮಾತ್ರ ಸಿಗುತ್ತಾರೆ. 7 ಮತ್ತು 2ರ ಮ.ಸಾ.ಅ. 1, 7ನ್ನು 1ರಿಂದ ಭಾಗಿಸಿದರೆ 7. ಆದುದರಿಂದ ಎಲ್ಲರೂ ಸಿಗುತ್ತಾರೆ. ಜೋಡಿಗಳು ಬೆಸಸಂಖ್ಯೆಯಾದರೆ ಎಲ್ಲರ ಭೇಟಿ, ಸರಿಸಂಖ್ಯೆಯಾದರೆ ಅರ್ಧದಷ್ಟು ಮಂದಿಯ ಭೇಟಿ.

ಪೋಷಕರು ಒಂದು ಮಾತನ್ನು ಗಮನಿಸಬೇಕು. ಕುಣಿತವು ಲೆಕ್ಕಕ್ಕೆ ಬದಲಿಯಲ್ಲ. ಏನಾಗುತ್ತದೆಂದು ಕಾಲು ತೋರಿಸಬಲ್ಲದು. ಏಕೆ ಹಾಗಾಗುತ್ತದೆಂದು ಬುದ್ಧಿಯೇ ಹೇಳಬೇಕು, ಕೈ ಬರೆಯಬೇಕು. ಆ ಹುಡುಗಿ ಒಮ್ಮೆಲೇ ನೂರಕ್ಕೆ ನೂರು ತೆಗೆಯಲಿಲ್ಲ. ಆದರೆ ಮ.ಸಾ.ಅ. ಎಂಬುದು ತನಗೆ ನಿಲುಕದ ವಸ್ತುವೆಂಬ ಹೆದರಿಕೆ ಅವಳನ್ನು ಬಿಟ್ಟುಹೋಯಿತು. ಈಗ ತರಗತಿಯಲ್ಲಿ ಕೈಯೆತ್ತಿ "ಏಕೆ?" ಎಂದು ಕೇಳುತ್ತಾಳೆ. ನಾನು ಗದರಿದ್ದೇ ತಪ್ಪೆಂದು ಅವಳಲ್ಲಿ ಹೇಳಿದ್ದೇನೆ.

ವಿದ್ಯಾರ್ಥಿಗಳೇ, ನಿಮಗೊಂದು ಲೆಕ್ಕ. 9 ಜೋಡಿಗಳಿವೆ. ಒಳಗಿನವರು ಬಲಕ್ಕೆ 1 ಸ್ಥಾನ, ಹೊರಗಿನವರು ಬಲಕ್ಕೆ 2 ಸ್ಥಾನ ಸರಿಯುತ್ತಾರೆ. ಒಬ್ಬಳಿಗೆ ಎಷ್ಟು ಮಂದಿ ಜೊತೆ ಸಿಗುತ್ತಾರೆ? ಮನೆಯ ಅಂಗಳದಲ್ಲಿ ಎರಡು ವೃತ್ತ ಎಳೆದು, ಹೆಸರು ಬರೆದ ಚೀಟಿಗಳನ್ನಿಟ್ಟು ಸರಿಸಿ ನೋಡಿ. ಬಳಿಕ ಕಾರಣವನ್ನು ಬರೆಯಿರಿ.